ಗಣಕಯಂತ್ರದ ಸವಾಲಿನಲ್ಲಿ ಮಾಲು ಮಾರುವ ಮುನ್ನ

ಹೆಸರಿನ ರಾಶಿ ಮುಗಿಯುವ ಹೊತ್ತಿಗೆ ನಮ್ಮ ಎರೆಭೂಮಿಯ ರೈತನಿಗೆ ಎರಡು ಅವಸರಗಳು ಕೂಡಿಯೇ ಬರುತ್ತವೆ. ಉತ್ತರಿ, ಹಸ್ತ ಮಳೆಗಳಿಗೆ ಅದೇ ಹೊಲವು ಹಿಂಗಾರಿ ಜೋಳಕ್ಕೋ ಕಡಲೆಗೋ ಹದವಾಗಬೇಕು. ಆ ಬಿತ್ತಿಗೆಗೆ ಬೇಕಾದ ಬೀಜ, ಗೊಬ್ಬರದ ರೊಕ್ಕವು ಈ ಹೆಸರಿನಿಂದಲೇ ಹುಟ್ಟಬೇಕು. ಆದ್ದರಿಂದ ಬಾದಾಮಿ, ಹುನಗುಂದ, ಇಳಕಲ್ಲ ಕಡೆಯ ಎಷ್ಟೋ ರೈತರು ಕಾಳನ್ನು ಮನೆಯ ಹೊಸ್ತಿಲು ದಾಟಿಸದೆ ಕಣದಿಂದಲೇ ಪೇಟೆಗೆ ಸಾಗಿಸಿಬಿಡುತ್ತಾರೆ.

ಹೀಗೆ ಹೋದವನು ಸಂಜೆ ಊರಿಗೆ ಮರಳಿದಾಗ ನೆರೆಯವರು ಕೇಳುವ ಮೊದಲ ಮಾತು, "ಏನು ದರ ಹೋತು?" ಎಂಬುದು. ಅದಕ್ಕೆ ಉತ್ತರ ಸಿದ್ಧವಾಗಿರುತ್ತದೆ. ಆದರೆ "ನಿನ್ನ ಲಾಟಿಗೆ ಎಷ್ಟು ಮಂದಿ ದರ ಹಾಕಿದ್ದರು? ದರ ಬಂದ ಮೇಲೆ ನಿನ್ನ ಒಪ್ಪಿಗೆ ಕೇಳಿದರೋ ಇಲ್ಲವೋ?" ಎಂದು ಕೇಳಿ ನೋಡಿರಿ. ಬಹಳ ಮಂದಿ ಸುಮ್ಮನಾಗುತ್ತಾರೆ. "ಅದೆಲ್ಲ ಅಂಗಡಿಯವರು ನೋಡ್ಕೋತಾರ" ಎನ್ನುವವರೂ ಉಂಟು.

ಪೇಟೆಯ ಸವಾಲು ಕೂಗಾಟದಿಂದ ಗಣಕಯಂತ್ರಕ್ಕೆ ಬಂದು ಹತ್ತು ವರ್ಷಗಳ ಮೇಲಾಯಿತು. ಈ ಅವಧಿಯಲ್ಲಿ ನಿಯಮಗಳು ಒಂದಲ್ಲ, ಮೂರು ನಾಲ್ಕು ಸಲ ಬದಲಾದವು. ವ್ಯಾಪಾರಿಗಳು ಒಂದೊಂದು ಬದಲಾವಣೆಯನ್ನೂ ಅಂದೇ ತಿಳಿದುಕೊಂಡರು. ಅದು ಅವರ ಕಸುಬು. ಮಾಲು ತರುವ ನಮಗೆ ಮಾತ್ರ ಅದು ಇನ್ನೂ ಅಂಗಡಿಯವರ ಕೆಲಸವಾಗಿಯೇ ಉಳಿದಿದೆ. ಈ ವ್ಯವಸ್ಥೆಯಲ್ಲಿ ಮಾರುವವನಿಗೆ ಕೊಟ್ಟಿರುವ ಹಕ್ಕು ಯಾವುದು, ಅದು ಎಲ್ಲಿ ಕೈತಪ್ಪುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಕೂಗಿನಿಂದ ಚೀಟಿಗೆ, ಚೀಟಿಯಿಂದ ತೆರೆಗೆ

ನಿಮ್ಮ ಅಜ್ಜನ ಕಾಲದಲ್ಲಿ ಮಾಲಿನ ಬೆಲೆಯು ಇಬ್ಬರ ಕೈಬೆರಳುಗಳ ನಡುವೆ, ಮೇಲೊಂದು ವಸ್ತ್ರ ಹೊದಿಸಿದ ಕತ್ತಲಲ್ಲಿ ತೀರ್ಮಾನವಾಗುತ್ತಿತ್ತು. ದನದ ಸಂತೆಗಳಲ್ಲಿ ಈ ಪದ್ಧತಿಯನ್ನು ಈಗಲೂ ಕಾಣಬಹುದು. ನಮ್ಮ ಭಾಗವು ಮುಂಬಯಿ ಪ್ರಾಂತದಲ್ಲಿದ್ದಾಗ 1939ರ ಮುಂಬಯಿ ಕೃಷಿ ಹುಟ್ಟುವಳಿ ಪೇಟೆಗಳ ಕಾಯ್ದೆಯು ಇಲ್ಲಿಗೆ ಅನ್ವಯಿಸುತ್ತಿತ್ತು. ಏಕೀಕರಣವಾದ ಮೇಲೆ ಪ್ರಾಂತಕ್ಕೊಂದರಂತೆ ಇದ್ದ ಕಾಯ್ದೆಗಳನ್ನು ತೆಗೆದು ಇಡೀ ರಾಜ್ಯಕ್ಕೆ 1966ರಲ್ಲಿ ಒಂದೇ ಕಾಯ್ದೆ ಬಂದಿತು. ಮಾಲನ್ನು ನಿಯಂತ್ರಿತ ಪ್ರಾಂಗಣಕ್ಕೆ ತಂದು ಬಹಿರಂಗವಾಗಿ ಸವಾಲು ಮಾಡಬೇಕು, ತೂಕ ಸರಿಯಾಗಿರಬೇಕು, ಮನಸ್ಸಿಗೆ ಬಂದಂತೆ ಕಡಿತ ಮಾಡಬಾರದು ಎಂಬುದು ಅದರ ತಿರುಳು. ಮುಂದೆ ಬಹಿರಂಗ ಕೂಗಿನ ಬದಲು ಹಲವು ಪೇಟೆಗಳಲ್ಲಿ ಚೀಟಿ ಟೆಂಡರು ಬಂದಿತು. ವ್ಯಾಪಾರಿಯು ಲಾಟಿನ ನಂಬರಿನ ಮುಂದೆ ತನ್ನ ದರ ಬರೆದು ಪೆಟ್ಟಿಗೆಗೆ ಹಾಕುವನು. ಹೊತ್ತು ಮುಗಿದ ಮೇಲೆ ಪೆಟ್ಟಿಗೆ ತೆರೆದು ಹೆಚ್ಚಿನ ದರವನ್ನು ಸಾರುವರು. ಚೀಟಿಯ ಮೇಲೆ ಒಂದು ಅಂಕಿ ತಿದ್ದಿದರೆ, ಒಂದು ಚೀಟಿ ಕಾಣೆಯಾದರೆ ಕೇಳುವವರು ಯಾರು? ಆ ಸಂಶಯವಂತೂ ರೈತನ ಮನಸ್ಸಿನಿಂದ ಹೋಗಲೇ ಇಲ್ಲ.

2013ರಲ್ಲಿ ರಾಜ್ಯ ಸರಕಾರವು ಕೃಷಿ ಮಾರಾಟ ನೀತಿಯನ್ನು ಪ್ರಕಟಿಸಿತು. ಅದರ ಫಲವಾಗಿ 2014ರಲ್ಲಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳು ಎಂಬ ಸಂಸ್ಥೆ ಹುಟ್ಟಿತು. ಸರಕಾರ ಹಾಗೂ ಎನ್‌.ಸಿ.ಡಿ.ಇ.ಎಕ್ಸ್‌. ಸ್ಪಾಟ್ ಎಕ್ಸ್‌ಚೇಂಜ್ ಇವೆರಡೂ ಅದರಲ್ಲಿ ಸಮಪಾಲು. ಆ ಸಂಸ್ಥೆಯು ಫೆಬ್ರುವರಿ 2014ರಲ್ಲಿ ಆರಂಭಿಸಿದ್ದೇ ಏಕೀಕೃತ ಮಾರುಕಟ್ಟೆ ವೇದಿಕೆ. ಪೆಟ್ಟಿಗೆಯ ಚೀಟಿ ಈಗ ಗಣಕಯಂತ್ರದ ತೆರೆಯ ಮೇಲೆ ಬಂದಿತು. ವ್ಯಾಪಾರಿಯು ಪ್ರಾಂಗಣದ ಯಂತ್ರದಿಂದಾಗಲಿ ತನ್ನ ಮೊಬೈಲಿನಿಂದಾಗಲಿ ದರ ನಮೂದಿಸಬಹುದು. ಒಬ್ಬನ ದರ ಇನ್ನೊಬ್ಬನಿಗೆ ಕಾಣುವುದಿಲ್ಲ. ರಾಜ್ಯಕ್ಕೆಲ್ಲ ಒಂದೇ ಪರವಾನಗಿ ಪಡೆದವನು ದಾವಣಗೆರೆಯಲ್ಲಿ ಕುಳಿತು ಬಾಗಲಕೋಟೆಯ ಲಾಟಿಗೂ ದರ ಹಾಕಬಹುದೆಂಬುದು ಇದರ ಹಿಂದಿನ ಆಸೆ. ಎರಡು ವರ್ಷಗಳ ನಂತರ, 14 ಏಪ್ರಿಲ್ 2016ರಂದು ಕೇಂದ್ರ ಸರಕಾರವು ಇ-ನ್ಯಾಮ್ ಎಂಬ ಹೆಸರಿನಲ್ಲಿ ಇಂಥದೇ ವೇದಿಕೆಯನ್ನು ದೇಶಕ್ಕೆಲ್ಲ ತೆರೆಯಿತು. ಈ ವಿಷಯದಲ್ಲಿ ನಮ್ಮ ರಾಜ್ಯವು ದಿಲ್ಲಿಗಿಂತ ಮುಂದಿತ್ತೆಂದು ಹೇಳಿಕೊಳ್ಳಲು ಅಡ್ಡಿಯಿಲ್ಲ. 2020ರ ಮೇ ತಿಂಗಳಲ್ಲಿ ಎರಡೂ ವೇದಿಕೆಗಳ ನಡುವೆ ಕೊಂಡಿ ಹಾಕಲಾಯಿತು.

ಬಾಗಿಲಲ್ಲಿ ಬರೆಸುವ ಹೆಸರು

ಈಗ ಒಂದು ದಿನದ ವ್ಯವಹಾರವನ್ನು ಹಿಡಿದು ನೋಡೋಣ. ನೀವು ಕೆರೂರ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಇಪ್ಪತ್ತು ಚೀಲ ಹೆಸರು ಹೇರಿಕೊಂಡು ಬಾಗಲಕೋಟೆಗೆ ಬಂದಿದ್ದೀರಿ ಎಂದಿಟ್ಟುಕೊಳ್ಳಿರಿ. ಪ್ರಾಂಗಣದ ಬಾಗಿಲಲ್ಲಿ ನಮೂದು ಮಾಡುವವನು ಕುಳಿತಿರುತ್ತಾನೆ. ರೈತನ ಹೆಸರು, ಊರು, ಮೊಬೈಲ್ ನಂಬರು, ಮಾಲು ಯಾವುದು, ಚೀಲ ಎಷ್ಟು, ಯಾವ ಅಡತಿ ಅಂಗಡಿಗೆ ಹೋಗುತ್ತದೆ, ಇಷ್ಟನ್ನು ಅವನು ಬರೆದುಕೊಳ್ಳುತ್ತಾನೆ. ಯಂತ್ರವು ಒಂದು ಲಾಟ್ ನಂಬರು ಕೊಡುತ್ತದೆ. ಅಲ್ಲಿಂದ ಮುಂದೆ ನಿಮ್ಮ ಮಾಲಿನ ಗುರುತು ಆ ನಂಬರೇ. ದರ ಹಾಕುವವನಿಗೆ ಕಾಣುವುದೂ ಅದೇ, ತೂಕದ ಲೆಕ್ಕ ಬರೆಯುವುದೂ ಅದರ ಮೇಲೆಯೇ.

ಇಡೀ ದಿನದಲ್ಲಿ ರೈತನು ಎಚ್ಚರದಿಂದ ಇರಬೇಕಾದ ಜಾಗ ಇದೇ. ಆದರೆ ಅವನು ಆ ಹೊತ್ತಿಗೆ ಅಲ್ಲಿ ಇರುವುದೇ ಇಲ್ಲ! ಗಾಡಿ ಸಾಲಿನಲ್ಲಿ ನಿಂತಾಗ ಅವನು ಚಹದ ಅಂಗಡಿಯಲ್ಲಿರುತ್ತಾನೆ. ಟ್ರ್ಯಾಕ್ಟರಿನವನೋ ಅಂಗಡಿಯ ಹುಡುಗನೋ ಬಾಯಿಗೆ ಬಂದ ಹೆಸರು ಹೇಳಿ, ತನ್ನದೋ ಮಾಲಕನದೋ ಮೊಬೈಲ್ ನಂಬರು ಬರೆಸಿಬಿಡುತ್ತಾನೆ. ನಾಲ್ಕು ಜನರ ಮಾಲನ್ನು ಒಬ್ಬನ ಹೆಸರಿಗೆ ಹಾಕುವುದೂ ಉಂಟು. ಕೆಟ್ಟ ಉದ್ದೇಶವೇ ಇರಬೇಕೆಂದೇನೂ ಇಲ್ಲ, ಹಿಂದೆ ನಿಂತ ಗಾಡಿಗಳ ಗದ್ದಲದಲ್ಲಿ ಬೇಗ ಮುಗಿಯಲಿ ಎಂಬ ಅವಸರವೂ ಇದ್ದೀತು. ಆದರೆ ಫಲ ಏನಾಗುತ್ತದೆ ನೋಡಿರಿ. ನಿಮ್ಮ ಲಾಟಿಗೆ ಇಂತಿಷ್ಟು ದರ ಬಂದಿದೆ ಎಂಬ ಸಂದೇಶವು ನಂಬರು ಬರೆಸಿದವನಿಗೆ ಹೋಗುತ್ತದೆ. ಒಪ್ಪಿಗೆಯೋ ಅಲ್ಲವೋ ಎಂದು ಹೇಳುವ ಅಧಿಕಾರವೂ ಅವನ ಕೈಗೆ ಹೋದ ಹಾಗೆಯೇ. ಮಾರಾಟದ ಲೆಕ್ಕವೂ ಬೇರೆಯವರ ಹೆಸರಿನಲ್ಲಿ ಹುಟ್ಟುತ್ತದೆ. ನಾಳೆ ತಕರಾರು ಬಂದರೆ ಮಾಲು ನಿಮ್ಮದೆಂದು ತೋರಿಸಲು ನಿಮ್ಮಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಆದ್ದರಿಂದ ಬಾಗಿಲಲ್ಲಿ ನೀವೇ ಇಳಿದು ನಿಂತು ನಿಮ್ಮ ಹೆಸರು, ನಿಮ್ಮ ನಂಬರು ಬರೆಸಿರಿ. ನಿಮ್ಮ ಮೊಬೈಲು ಮನೆಯಲ್ಲಿ ಮಗನ ಕೈಯಲ್ಲಿದ್ದರೆ ಆ ನಂಬರೇ ಇರಲಿ. ಅವನು ಓದಿ ನಿಮಗೆ ತಿಳಿಸಬಹುದು. ಚೀಟಿ ಕೈಗೆ ಬಂದ ಮೇಲೆ ಅದರ ಮೇಲಿನ ಚೀಲದ ಎಣಿಕೆ, ಮಾಲಿನ ಹೆಸರು ಸರಿಯಾಗಿದೆಯೋ ಎಂದು ನೋಡಿಕೊಂಡು ಕಿಸೆಯಲ್ಲಿಡಿರಿ. ಅಕ್ಷರ ಬಾರದವರು ಜೊತೆಗೆ ಬಂದ ಯಾರಿಂದಲಾದರೂ ಓದಿಸಬೇಕು. ಅದಕ್ಕೆ ನಾಚಿಕೆ ಬೇಡ.

ಚೀಲದೊಳಗೆ ಕೈಯಿಡುವವನು

ಅಂಗಡಿಯ ಮುಂದೆ ರಾಶಿ ಹಾಕಿದ ಮೇಲೆ ವ್ಯಾಪಾರಿಗಳು ಒಬ್ಬೊಬ್ಬರಾಗಿ ಬಂದು ಮಾಲು ನೋಡುತ್ತಾರೆ. ಇಳಕಲ್ಲ ಸೀರೆ ಕೊಳ್ಳುವವರು ಸೆರಗನ್ನು ಬೆರಳಲ್ಲಿ ತೀಡಿ ನೋಡದೆ ಬೆಲೆ ಹೇಳುವುದುಂಟೆ? ಕಾಳಿನ ವ್ಯಾಪಾರಿಯೂ ಹಾಗೆಯೇ. ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ, ಹಲ್ಲಿನಲ್ಲಿ ಕಡಿದು ಹಸಿಯೋ ಒಣಗಿದ್ದೋ ನೋಡಿ, ಮನಸ್ಸಿನಲ್ಲಿಯೇ ಒಂದು ದರ ಕಟ್ಟಿಕೊಂಡು ಮುಂದೆ ಹೋಗುತ್ತಾನೆ. ದೂರದ ಪೇಟೆಯಲ್ಲಿ ಕುಳಿತವನು ಈ ಕೆಲಸ ಹೇಗೆ ಮಾಡಿಯಾನು? ರಾಜ್ಯಕ್ಕೆಲ್ಲ ಒಂದೇ ಪರವಾನಗಿ ಕೊಟ್ಟರೂ ಹೊರಗಿನ ವ್ಯಾಪಾರಿಗಳು ಎಣಿಸಿದಷ್ಟು ಮಟ್ಟಿಗೆ ಸವಾಲಿಗೆ ಬಾರದಿರುವುದಕ್ಕೆ ಇದೇ ಮುಖ್ಯ ಕಾರಣ. ಗುಣಮಟ್ಟದ ಪರೀಕ್ಷೆ ನಡೆದು, ತೇವಾಂಶ ಇಷ್ಟು, ಕಸಕಡ್ಡಿ ಇಷ್ಟು ಎಂದು ಲಾಟಿನ ಮುಂದೆ ಅಂಕಿ ಬರೆದಿದ್ದರೆ ಮಾತ್ರ ದೂರದವನಿಗೆ ಧೈರ್ಯ ಬರುತ್ತದೆ.

ನಿಮ್ಮ ಪೇಟೆಯಲ್ಲಿ ಪರೀಕ್ಷಾ ವ್ಯವಸ್ಥೆಯಿದ್ದರೆ ಕೇಳಿ ಮಾಡಿಸಿರಿ. ಇಲ್ಲದಿದ್ದರೂ ಮನೆಯಲ್ಲಿ ಮಾಡಬಹುದಾದದ್ದು ಬಹಳವಿದೆ. ಸರಕಾರದ ಬೆಂಬಲ ಬೆಲೆ ಖರೀದಿಯಲ್ಲಿ ಹೆಸರಿಗೆ ಶೇಕಡಾ 12, ಗೋವಿನಜೋಳಕ್ಕೆ ಶೇಕಡಾ 14, ಶೇಂಗಾಕ್ಕೆ ಶೇಕಡಾ 8ರ ವರೆಗೆ ಮಾತ್ರ ತೇವಾಂಶಕ್ಕೆ ಅವಕಾಶ. ಖಾಸಗಿ ವ್ಯಾಪಾರಿಯ ಮನಸ್ಸಿನಲ್ಲಿಯೂ ಹೆಚ್ಚುಕಡಿಮೆ ಇದೇ ಅಳತೆ ಇರುತ್ತದೆ. ಹೆಸರಿನ ರಾಶಿಯ ಕಾಲಕ್ಕೆ ನಮ್ಮಲ್ಲಿ ಮೋಡ ಕವಿದೇ ಇರುತ್ತದೆ ಎಂಬುದು ನಿಜ. ಆದರೂ ಎರಡು ಬಿಸಿಲು ಸಿಕ್ಕರೆ ಹರವಿ ಒಣಗಿಸಿರಿ. ಸಾಣಿಗೆ ಹಿಡಿದು ಒಡಕು, ಮಣ್ಣು, ಕಡ್ಡಿ ತೆಗೆಯಿರಿ. ಮಳೆಗೆ ಸಿಕ್ಕು ಬಣ್ಣಗೆಟ್ಟ ಕಾಳನ್ನು ಒಳ್ಳೆಯದರಲ್ಲಿ ಬೆರೆಸಿ ನಡುವಿನ ಚೀಲದಲ್ಲಿ ಅಡಗಿಸುವ ಜಾಣತನ ಬೇಡ. ಎರಡು ಲಾಟು ಮಾಡಿಸಿರಿ. ಬೆರಕೆ ಲಾಟಿಗೆ ಎಲ್ಲ ವ್ಯಾಪಾರಿಗಳೂ ಕೆಟ್ಟ ಕಾಳಿನ ದರವನ್ನೇ ಹಾಕುತ್ತಾರೆ.

ಒಪ್ಪಿಗೆ ಇಲ್ಲ ಎನ್ನುವ ಹಕ್ಕು

ಗೊತ್ತುಪಡಿಸಿದ ಹೊತ್ತಿಗೆ ಟೆಂಡರು ಮುಗಿಯುತ್ತದೆ. ಯಂತ್ರವು ಪ್ರತಿ ಲಾಟಿಗೆ ಹೆಚ್ಚು ದರ ಹಾಕಿದವನನ್ನು ತಾನೇ ಆರಿಸಿ ಘೋಷಿಸುತ್ತದೆ. ಬಹಳ ರೈತರು ಇಲ್ಲಿಗೆ ಮಾರಾಟವಾಯಿತೆಂದೇ ತಿಳಿದಿದ್ದಾರೆ. ಅದು ತಪ್ಪು. ಘೋಷಣೆಯಾದದ್ದು ಹೆಚ್ಚಿನ ದರ ಮಾತ್ರ. ಆ ದರಕ್ಕೆ ಕೊಡುವುದು ಬಿಡುವುದು ಮಾಲಿನ ಒಡೆಯನಿಗೆ ಸೇರಿದ್ದು. ದರ ಹಿಡಿಸದಿದ್ದರೆ ಗೊತ್ತುಪಡಿಸಿದ ಅವಧಿಯೊಳಗೆ ಬೇಡವೆಂದು ತಿಳಿಸಬಹುದು. ಆಗ ಲಾಟನ್ನು ಮತ್ತೊಮ್ಮೆ ಟೆಂಡರಿಗೆ ಇಡಬಹುದು. ಮಾಲನ್ನು ಹಿಂದಕ್ಕೆ ಒಯ್ಯಲೂಬಹುದು. ಆ ಅವಧಿ ಎಷ್ಟೆಂಬುದನ್ನು ನಿಮ್ಮ ಪೇಟೆಯ ಸಮಿತಿಯ ಕಚೇರಿಯಲ್ಲಿ ಮೊದಲೇ ಕೇಳಿ ತಿಳಿದುಕೊಂಡಿರಬೇಕು.

ಹಕ್ಕು ಕಾಗದದ ಮೇಲಿದೆ. ಆಚರಣೆಯಲ್ಲಿ ಎಷ್ಟು ಮಂದಿ ಬೇಡವೆನ್ನುತ್ತಾರೆ? ಬಾದಾಮಿಯಿಂದ ಬಾಡಿಗೆ ಕೊಟ್ಟು ತಂದ ಮಾಲು, ಸಂಜೆ ಆಗುತ್ತ ಬಂದಿದೆ, ಟ್ರ್ಯಾಕ್ಟರಿನವನು ಹೊರಡೋಣವೆಂದು ಗಡಿಬಿಡಿ ಮಾಡುತ್ತಾನೆ. ಇದೆಲ್ಲಕ್ಕಿಂತ ದೊಡ್ಡ ಕಟ್ಟು ಇನ್ನೊಂದಿದೆ. ಬಿತ್ತುವಾಗ ಬೀಜಕ್ಕೆ, ಮಗಳ ಮದುವೆಗೆ, ಆಸ್ಪತ್ರೆಗೆ ಎಂದು ಅದೇ ಅಡತಿ ಅಂಗಡಿಯಿಂದ ಮುಂಗಡ ತಂದಿರುತ್ತೀರಿ. ರೊಕ್ಕ ಕೊಟ್ಟವನ ಅಂಗಡಿಯ ಮುಂದೆ ನಿಂತು "ಈ ದರ ಬೇಡ" ಎನ್ನಲು ನಾಲಿಗೆ ಏಳುವುದಿಲ್ಲ. ಮಾರಾಟದ ಹಣವು ನೇರವಾಗಿ ರೈತನ ಬ್ಯಾಂಕು ಖಾತೆಗೆ ಬರಬೇಕೆಂಬ ಏರ್ಪಾಡು ಈ ವೇದಿಕೆಯಲ್ಲಿ ಆರಂಭದಿಂದಲೂ ಇದ್ದರೂ ಅದು ನಿಧಾನವಾಗಿ ಸಾಗಿದ್ದಕ್ಕೆ ಈ ಮುಂಗಡದ ಗಂಟೇ ಕಾರಣ. ಅಡತಿಯವರನ್ನು ಬೈದು ಪ್ರಯೋಜನವಿಲ್ಲ. ಬ್ಯಾಂಕು ಬಾಗಿಲು ಹಾಕಿದ ಹೊತ್ತಿನಲ್ಲಿ ಅಂಗಡಿಯ ಬಾಗಿಲು ತೆರೆದಿತ್ತೆಂಬುದನ್ನು ನಾವೂ ಒಪ್ಪಬೇಕಾಗುತ್ತದೆ. ಆದರೆ ಸಾಲದ ಲೆಕ್ಕ ಬೇರೆ, ಮಾಲಿನ ದರ ಬೇರೆ. ಎರಡನ್ನೂ ಒಂದೇ ಕಾಗದದಲ್ಲಿ ಕೂಡಿಸಿ ಕಳೆಯಲು ಬಿಡಬೇಡಿರಿ. ಯಂತ್ರದಿಂದ ಬಂದ ಮಾರಾಟದ ಪಟ್ಟಿಯನ್ನು ಕೇಳಿ ಪಡೆದು, ಅದರಲ್ಲಿಯ ದರ, ತೂಕ, ಮೊತ್ತ ನೋಡಿದ ಮೇಲೆ ಸಾಲದ ಮಾತು ಎತ್ತಿರಿ.

ಪಟ್ಟಿಯಲ್ಲಿ ಇನ್ನೊಂದನ್ನು ನೋಡಿರಿ. ಮಾರುಕಟ್ಟೆ ಶುಲ್ಕವನ್ನು ಕೊಡಬೇಕಾದವನು ಕೊಳ್ಳುವವನು, ಮಾರುವವನಲ್ಲ. ದಲಾಲಿಯೂ ಹಾಗೆಯೇ ಖರೀದಿದಾರನ ಮೇಲಿನದು. ಹಮಾಲಿ ಮೊದಲಾದವುಗಳಿಗೆ ಸಮಿತಿಯು ದರ ಗೊತ್ತುಮಾಡಿರುತ್ತದೆ. ಚೀಲದ ತೂಕ ಬಿಟ್ಟು, ಕ್ವಿಂಟಲಿಗೆ ಇಂತಿಷ್ಟು ಕಿಲೊ ಎಂದು ಸುಮ್ಮನೆ ಕಳೆಯುವ ಪದ್ಧತಿಗೆ ಆಧಾರವಿಲ್ಲ.

ಬೆಂಬಲ ಬೆಲೆಯ ವಿಷಯದಲ್ಲಿಯೂ ಒಂದು ತಪ್ಪು ತಿಳುವಳಿಕೆ ಇದೆ. 2025–26ರ ಮುಂಗಾರಿ ಹಂಗಾಮಿಗೆ ಕೇಂದ್ರ ಸರಕಾರವು ಕ್ವಿಂಟಲಿಗೆ ಹೆಸರಿಗೆ 8,768 ರೂಪಾಯಿ, ಶೇಂಗಾಕ್ಕೆ 7,263, ಗೋವಿನಜೋಳಕ್ಕೆ 2,400 ರೂಪಾಯಿ ಎಂದು ಪ್ರಕಟಿಸಿತ್ತು. ಸರಕಾರ ಪ್ರಕಟಿಸಿದ್ದರಿಂದ ಅದಕ್ಕಿಂತ ಕಡಿಮೆ ದರವನ್ನು ಯಂತ್ರವೇ ತಡೆಯುತ್ತದೆಂದು ಕೆಲವರು ನಂಬಿದ್ದಾರೆ. ತಡೆಯುವುದಿಲ್ಲ. ಯಂತ್ರಕ್ಕೆ ಗೊತ್ತಿರುವುದು ಹಾಕಿದ ದರಗಳಲ್ಲಿ ದೊಡ್ಡದು ಯಾವುದು ಎಂಬುದಷ್ಟೇ. ಬೆಂಬಲ ಬೆಲೆ ಬೇಕಾದರೆ ಖರೀದಿ ಕೇಂದ್ರ ತೆರೆದಾಗ ಅಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕೆ ಫ್ರೂಟ್ಸ್ ಗುರುತಿನ ನಂಬರು ಬೇಕು. ಬೆಳೆ ಹೊಲದಲ್ಲಿರುವಾಗಲೇ ಆ ನಂಬರು ಮಾಡಿಸಿಟ್ಟುಕೊಳ್ಳುವುದು ಲೇಸು.

ಮಾರುಕಟ್ಟೆಯ ದರ ಬಿದ್ದಾಗ ಸಿಟ್ಟು ಎಲ್ಲಿಗೆ ತಿರುಗುತ್ತದೆಂಬುದನ್ನು ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಕಂಡೆವು. 11 ಮಾರ್ಚ್ 2024ರಂದು ಮೆಣಸಿನಕಾಯಿ ದರ ಕುಸಿದುದರಿಂದ ಕೆರಳಿದ ಬೆಳೆಗಾರರ ಗಲಾಟೆಯಲ್ಲಿ ಮಾರುಕಟ್ಟೆ ಸಮಿತಿಯ ಕಚೇರಿಗೆ ಹಾನಿಯಾಯಿತು, ವಾಹನಗಳು ಸುಟ್ಟವು. ಇಂಥ ದಿನಗಳಲ್ಲಿ ತೆರೆಯ ಮೇಲೆ ಅಂಕಿ ಮಾತ್ರ ಕಾಣುತ್ತದೆ. ಅದು ಏಕೆ ಬಿದ್ದಿತೆಂದು ವಿವರಿಸಿ ಹೇಳುವವರು ಎದುರಿಗೆ ಯಾರೂ ಇರುವುದಿಲ್ಲ.

ಲಾಭವಾಯಿತೆ?

ನ್ಯಾಯವಾಗಿ ನೋಡಿದರೆ ಆಗಿದೆ. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಸಂಶೋಧಕರು ನಮ್ಮ ರಾಜ್ಯದ ಈ ವೇದಿಕೆಯ ಲೆಕ್ಕಗಳನ್ನು ತೆಗೆದುಕೊಂಡು ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದರು. ನವೆಂಬರ್ 2019ರ ವರೆಗೆ 6 ಕೋಟಿ 28 ಲಕ್ಷ ಟನ್ ಮಾಲು ಇದರ ಮೂಲಕ ಮಾರಾಟವಾಗಿತ್ತು. ವೇದಿಕೆ ಬಂದುದರಿಂದ ಭತ್ತದ ಮಾದರಿ ಬೆಲೆ ಶೇಕಡಾ 5.1, ಶೇಂಗಾದ್ದು ಶೇಕಡಾ 3.6, ಗೋವಿನಜೋಳದ್ದು ಶೇಕಡಾ 3.5ರಷ್ಟು ಏರಿತೆಂದು ಅವರು ಕಂಡುಕೊಂಡರು. ಶೇಂಗಾ ಕ್ವಿಂಟಲಿಗೆ 6,000 ರೂಪಾಯಿ ಎಂದು ಹಿಡಿದರೆ ಶೇಕಡಾ 3.6 ಎಂದರೆ 216 ರೂಪಾಯಿ. ಇಪ್ಪತ್ತು ಕ್ವಿಂಟಲು ತಂದವನಿಗೆ 4,320 ರೂಪಾಯಿ ಹೆಚ್ಚು. ಟ್ರ್ಯಾಕ್ಟರಿನ ಬಾಡಿಗೆ ಕಳೆದರೂ ಏನಾದರೂ ಉಳಿದೀತು.

ಎಲ್ಲ ಬೆಳೆಗಳಿಗೂ ಹೀಗಾಗಲಿಲ್ಲ ಎಂಬುದನ್ನೂ ಅದೇ ಅಧ್ಯಯನ ಹೇಳಿದೆ. ಕೊಳ್ಳುವವರು ಕೆಲವೇ ಮಂದಿ ಇದ್ದಲ್ಲಿ, ಗುಣಮಟ್ಟದ ಅಂಕಿ ಇಲ್ಲದಲ್ಲಿ, ಟೆಂಡರಿನ ವ್ಯವಸ್ಥೆ ಸಡಿಲವಾದಲ್ಲಿ ಯಂತ್ರದ ಪ್ರಯೋಜನ ಕಡಿಮೆ. ಇದು ನಾವೂ ಊಹಿಸಬಹುದಾದದ್ದೇ. ನಾಲ್ಕೇ ಜನ ವ್ಯಾಪಾರಿಗಳಿದ್ದು ಅವರು ಬೆಳಿಗ್ಗೆ ಒಂದೇ ಕಡೆ ಚಹ ಕುಡಿಯುವವರಾಗಿದ್ದರೆ ಟೆಂಡರು ಗುಟ್ಟಾಗಿದ್ದು ಏನು ಬಂತು?

ಇಲ್ಲಿ "ಮಾದರಿ ಬೆಲೆ" ಎಂಬ ಮಾತನ್ನು ತಿಳಿದಿಟ್ಟುಕೊಳ್ಳಿರಿ. ಸರಕಾರದ ಕೃಷಿ ಮಾರಾಟ ವಾಹಿನಿಯಲ್ಲಿ ಪ್ರತಿ ಪೇಟೆಯ ದರವನ್ನು ಮೂರು ಅಂಕಿಗಳಲ್ಲಿ ಕೊಡುತ್ತಾರೆ: ಕನಿಷ್ಠ, ಗರಿಷ್ಠ, ಮಾದರಿ. ನಮ್ಮ ಕಣ್ಣು ಹೋಗುವುದು ಗರಿಷ್ಠಕ್ಕೆ. ಅದು ಆ ದಿನ ಬಂದ ಒಂದೋ ಎರಡೋ ಅತ್ಯುತ್ತಮ ಲಾಟುಗಳ ದರವಾಗಿರಬಹುದು. ಹೆಚ್ಚಿನ ಮಾಲು ಮಾರಿದ ದರವೇ ಮಾದರಿ ಬೆಲೆ. ಊರು ಬಿಡುವ ಮುಂಚಿನ ನಾಲ್ಕು ದಿನ ಬಾಗಲಕೋಟೆಯ ಹಾಗೂ ನೆರೆಯ ಪೇಟೆಗಳ ಮಾದರಿ ಬೆಲೆಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ, ತೆರೆಯ ಮೇಲೆ ನಿಮ್ಮ ಲಾಟಿನ ದರ ಮೂಡಿದಾಗ ಒಪ್ಪಬೇಕೋ ಬೇಡವೋ ಎಂಬುದಕ್ಕೆ ಕೈಯಲ್ಲಿ ಒಂದು ಅಳತೆಗೋಲು ಇರುತ್ತದೆ.

ಎರಡನೆಯ ಸುತ್ತು

ಗುಟ್ಟಿನ ಟೆಂಡರಿನಲ್ಲಿ ರೈತನಿಗೆ ಒಂದು ನಷ್ಟವಿದೆ. ವ್ಯಾಪಾರಿಗೆ ಇತರರ ದರ ಕಾಣುವುದಿಲ್ಲ. ತಾನು 7,000 ಹಾಕಿ, ಉಳಿದವರೆಲ್ಲ 6,700ರಲ್ಲಿದ್ದರೆ ತಾನು 300 ರೂಪಾಯಿ ಸುಮ್ಮನೆ ಕಳೆದುಕೊಂಡಂತೆ ಎಂದು ಅವನು ಹೆದರುತ್ತಾನೆ. ಆದ್ದರಿಂದ ಮನಸ್ಸಿನಲ್ಲಿರುವ ದರಕ್ಕಿಂತ ಸ್ವಲ್ಪ ಕೆಳಗೇ ಹಾಕುತ್ತಾನೆ. ಬಹಿರಂಗ ಕೂಗಿನಲ್ಲಿ ಹೀಗಿರಲಿಲ್ಲ. ಎದುರಿಗಿನವನು ಏರಿಸಿದರೆ ಇವನೂ ಏರಿಸುತ್ತಿದ್ದ. ಆದರೆ ಕೂಗಿನಲ್ಲಿ ಯಾರು ಯಾರ ಮುಖ ನೋಡಿ ಸುಮ್ಮನಾದರು ಎಂಬ ಆಟವೂ ಇತ್ತು.

ಇವೆರಡರ ನಡುವಿನ ಹಾದಿಯೊಂದನ್ನು ನಮ್ಮ ರಾಜ್ಯದ ಒಂದು ದೊಡ್ಡ ಬೇಳೆಕಾಳು ಪೇಟೆಯಲ್ಲಿ 2019ರಲ್ಲಿ ಪ್ರಯೋಗ ಮಾಡಿ ನೋಡಿದರು. ಮೊದಲ ಸುತ್ತಿನಲ್ಲಿ ಎಲ್ಲರೂ ಎಂದಿನಂತೆ ಗುಟ್ಟಾಗಿ ದರ ಹಾಕುವುದು. ಆಮೇಲೆ ಮೇಲಿನ ಸಾಲಿನಲ್ಲಿ ನಿಂತ ವ್ಯಾಪಾರಿಗಳಿಗೆ ಮಾತ್ರ ಎರಡನೆಯ ಸುತ್ತು. ಅದರಲ್ಲಿ ತಮ್ಮ ದರವನ್ನು ಏರಿಸಲು ಅವಕಾಶ. ಮೊದಲ ಸುತ್ತಿನಲ್ಲಿ ತೀರ ಕೆಳಗೆ ಹಾಕಿದವನು ಹೊರಗೇ ಉಳಿಯುವುದರಿಂದ ಅಲ್ಲಿಯೂ ದರ ಬಿಗಿಯಾಗಿ ಬರುತ್ತದೆ. ಇದರಿಂದ ದರವು ಶೇಕಡಾ 4.7ರಷ್ಟು ಏರಿತೆಂದು ಸಂಶೋಧಕರು ಲೆಕ್ಕ ಹಾಕಿದರು. ಹತ್ತು ಸಾವಿರಕ್ಕೂ ಹೆಚ್ಚು ರೈತರಿಗೆ ಇದರ ಪ್ರಯೋಜನ ತಟ್ಟಿತು. ಕ್ವಿಂಟಲಿಗೆ 5,500 ರೂಪಾಯಿಯ ಮಾಲಾದರೆ ಇದು ಸುಮಾರು 258 ರೂಪಾಯಿ. ಒಂದು ಚೀಲ ಬೀಜ ಹೆಚ್ಚಿಗೆ ಬಿತ್ತದೆ, ಒಂದು ಹನಿ ನೀರು ಹೆಚ್ಚಿಗೆ ಹರಿಸದೆ, ಟೆಂಡರಿನ ನಿಯಮವೊಂದನ್ನು ತಿದ್ದಿದ್ದಕ್ಕೆ ಬಂದ ಬೆಲೆ ಇದು. ಮಾರುಕಟ್ಟೆ ಸಮಿತಿಗಳಲ್ಲಿ ರೈತರ ಪ್ರತಿನಿಧಿಗಳಿರುತ್ತಾರಲ್ಲವೆ? ಮತ ಕೇಳಲು ಬಂದಾಗ ರಸ್ತೆ, ದೀಪಗಳ ಜೊತೆಗೆ ಈ ಎರಡನೆಯ ಸುತ್ತಿನ ವಿಚಾರವನ್ನೂ ಅವರಲ್ಲಿ ಪ್ರಸ್ತಾಪಿಸಿರಿ.

ಪ್ರಾಂಗಣದ ಹೊರಗೆ

2020ರಲ್ಲಿ ನಿಯಮಗಳು ಮತ್ತೊಂದು ದಿಕ್ಕಿಗೆ ಹೊರಳಿದವು. ಮೇ ತಿಂಗಳಲ್ಲಿ ರಾಜ್ಯ ಸರಕಾರವು ಸುಗ್ರೀವಾಜ್ಞೆಯ ಮೂಲಕ ಮಾರುಕಟ್ಟೆ ಸಮಿತಿಗಳ ಅಧಿಕಾರವನ್ನು ಪ್ರಾಂಗಣದ ಗೋಡೆಯೊಳಗೆ ಸೀಮಿತಗೊಳಿಸಿತು. ಹೊರಗೆ ಯಾರು ಎಲ್ಲಿ ಕೊಂಡರೂ ಸಮಿತಿ ಕೇಳುವಂತಿಲ್ಲ ಎಂದಾಯಿತು. ಅದುವರೆಗೆ ಶೇಕಡಾ 1.5 ಇದ್ದ ಮಾರುಕಟ್ಟೆ ಶುಲ್ಕವನ್ನು ಅದೇ ವರ್ಷ ಶೇಕಡಾ 0.35ಕ್ಕೆ ಇಳಿಸಿದರು, ಅದು ಮತ್ತೆ ಮೇಲೇರಿತು. ಕೇಂದ್ರದ ಮೂರು ಕೃಷಿ ಕಾಯ್ದೆಗಳು ಆ ವರ್ಷವೇ ಬಂದು, ಜನವರಿ 2021ರಲ್ಲಿ ಸುಪ್ರೀಂ ಕೋರ್ಟಿನ ತಡೆಗೆ ಒಳಗಾಗಿ, ಅದೇ ವರ್ಷದ ಕೊನೆಗೆ ರದ್ದಾದ ಕತೆ ನಿಮಗೆ ಗೊತ್ತೇ ಇದೆ. ರಾಜ್ಯದ ತಿದ್ದುಪಡಿ ಮಾತ್ರ ಉಳಿದಿತ್ತು. ಅದನ್ನು ಹಿಂದೆ ತೆಗೆಯುವ ಮಸೂದೆಯನ್ನು ವಿಧಾನಸಭೆಯು ಜುಲೈ 2023ರಲ್ಲಿ ಅಂಗೀಕರಿಸಿತು.

ಕಾಯ್ದೆ ಅತ್ತ ಇತ್ತ ತೂಗಾಡಿದ ಕಾಲದಲ್ಲಿ ಒಂದು ರೂಢಿಯಂತೂ ಬೇರೂರಿತು: ಹೊಲದ ಬದಿಗೇ ಲಾರಿ ಬಂದು ನಿಲ್ಲುವುದು. ಗೋವಿನಜೋಳ ಬೆಳೆದವರಿಗೆ ಇದು ಅನುಕೂಲವಾಗಿಯೇ ಕಾಣುತ್ತದೆ. ಸಾಗಣೆ ಇಲ್ಲ, ಹಮಾಲಿ ಇಲ್ಲ, ರೊಕ್ಕ ಕೈಗೆ. ಆದರೆ ಅಲ್ಲಿ ಕೊಳ್ಳುವವನು ಒಬ್ಬನೇ. ದರ ಅವನು ಹೇಳಿದ್ದು, ತಕ್ಕಡಿ ಅವನು ತಂದದ್ದು. ಲಾಟ್ ನಂಬರಿಲ್ಲ, ಪಟ್ಟಿಯಿಲ್ಲ. ಉಳಿದ ಹಣಕ್ಕೆ ಹದಿನೈದು ದಿನ ಬಿಟ್ಟು ಬನ್ನಿರಿ ಎಂದು ಹೋದವನು ಬಾರದಿದ್ದರೆ ದೂರು ಕೊಡಲು ಅವನ ಪರವಾನಗಿ ನಂಬರೂ ಗೊತ್ತಿರುವುದಿಲ್ಲ. ಹೊಲದಲ್ಲಿ ಮಾರಲೇಬೇಕಾದರೆ ಆ ದಿನದ ಮಾದರಿ ಬೆಲೆ ನೋಡಿಕೊಂಡು, ಸಾಗಣೆಯ ಖರ್ಚನ್ನಷ್ಟೇ ಅದರಲ್ಲಿ ಕಳೆದು ಕೇಳಿರಿ. ಲಾರಿ ತುಂಬುವ ಮೊದಲು ಒಂದೆರಡು ಚೀಲವನ್ನು ಊರಿನ ಬೇರೆ ತಕ್ಕಡಿಯಲ್ಲಿ ತೂಗಿ ಹೋಲಿಸಿರಿ.

ದರ ಬೇಡವೆಂದು ಹೇಳಿದವನು ಮಾಲನ್ನು ಎಲ್ಲಿಡಬೇಕು ಎಂಬ ಪ್ರಶ್ನೆ ಉಳಿಯಿತು. ಹಿಂದಕ್ಕೆ ಒಯ್ದರೆ ಮತ್ತೆ ಬಾಡಿಗೆ. ಇದಕ್ಕಾಗಿಯೇ ಉಗ್ರಾಣದ ವ್ಯವಸ್ಥೆ. 2007ರ ಉಗ್ರಾಣ ಕಾಯ್ದೆಯ ಪ್ರಕಾರ ನೋಂದಾಯಿಸಿದ ಉಗ್ರಾಣಗಳು ಮಾಲಿಗೆ ರಶೀದಿ ಕೊಡುತ್ತವೆ. 2017ರಿಂದ ಈ ರಶೀದಿ ಕಾಗದದ ಬದಲು ಗಣಕಯಂತ್ರದಲ್ಲಿಯೇ ದಾಖಲಾಗುತ್ತಿದೆ. ಅದನ್ನು ಒತ್ತೆಯಿಟ್ಟು ಬ್ಯಾಂಕಿನಲ್ಲಿ ಸಾಲ ಪಡೆಯಬಹುದು. ಏಪ್ರಿಲ್ 2020ರಲ್ಲಿ ಇ-ನ್ಯಾಮ್ ವೇದಿಕೆಗೆ ಸೇರಿಸಿದ ಹೊಸ ಸೌಕರ್ಯದಿಂದ ಮಾಲನ್ನು ಪ್ರಾಂಗಣಕ್ಕೆ ತಾರದೆ ಉಗ್ರಾಣದಿಂದಲೇ ಸವಾಲಿಗೆ ಇಡಲೂ ದಾರಿಯಾಯಿತು. ಮಾರುಕಟ್ಟೆ ಸಮಿತಿಗಳ ಅಡಮಾನ ಸಾಲವೂ ಉಂಟು.

ಇಟ್ಟರೆ ಲಾಭವೇ ಎಂದು ತಿಳಿಯಬೇಡಿರಿ, ಲೆಕ್ಕ ಹಾಕಿರಿ. ಇಂದು ಹೆಸರು ಕ್ವಿಂಟಲಿಗೆ 7,500 ರೂಪಾಯಿ ಎಂದು ಹಿಡಿಯೋಣ. ಅದರ ಮೇಲೆ 4,500 ರೂಪಾಯಿ ಸಾಲ ತೆಗೆದು ತಿಂಗಳಿಗೆ ಶೇಕಡಾ 1ರಂತೆ ಬಡ್ಡಿ ಕೊಟ್ಟರೆ 45 ರೂಪಾಯಿ, ಉಗ್ರಾಣದ ಬಾಡಿಗೆ 15 ರೂಪಾಯಿ ಎಂದಾದರೆ ತಿಂಗಳಿಗೆ 60 ರೂಪಾಯಿ ಖರ್ಚು. ಮೂರು ತಿಂಗಳಿಗೆ 180. ಒಣಗಿ ಕ್ವಿಂಟಲಿಗೆ ಒಂದು ಕಿಲೊ ತೂಕ ಇಳಿದರೆ ಮತ್ತೆ 75 ರೂಪಾಯಿ. ಅಂದರೆ ಮೂರು ತಿಂಗಳ ಮೇಲೆ ದರವು 7,755 ದಾಟಿದರೆ ಮಾತ್ರ ಕಾದದ್ದು ಸಾರ್ಥಕ. ಹಿಂದಿನ ಎರಡು ಮೂರು ವರ್ಷಗಳಲ್ಲಿ ಸುಗ್ಗಿಯ ಕಾಲದ ಮಾದರಿ ಬೆಲೆ ಎಷ್ಟಿತ್ತು, ದೀಪಾವಳಿ ಕಳೆದ ಮೇಲೆ ಎಷ್ಟಾಯಿತು ಎಂಬುದನ್ನು ಮಾರಾಟ ವಾಹಿನಿಯಲ್ಲಿ ನೋಡಿ ಇದೇ ಲೆಕ್ಕವನ್ನು ನಿಮ್ಮ ಅಂಕಿಗಳಿಂದ ಮಾಡಿರಿ. ಬಿತ್ತಿಗೆಗೆ ಬೇಕಾದಷ್ಟು ರೊಕ್ಕಕ್ಕೆ ಎಂಟು ಚೀಲ ಸಾಕಾಗುವಂತಿದ್ದರೆ ಎಂಟನ್ನು ಮಾರಿ ಹನ್ನೆರಡನ್ನು ಇಡಲೂಬಹುದು. ಬಾಗಿಲಲ್ಲಿ ನಮೂದು ಮಾಡಿಸುವಾಗಲೇ ಹಾಗೆ ಎರಡು ಲಾಟು ಬರೆಸಿದರೆ ಒಂದರ ದರ ನೋಡಿ ಇನ್ನೊಂದರ ಬಗ್ಗೆ ಯೋಚಿಸಲು ಹೊತ್ತು ಸಿಗುತ್ತದೆ.